ಸೀರೆ, ಧೋತರ ಉಟ್ಟರೆ ಕ್ಯಾನ್ಸರ್ ಬರುತ್ತದೆಯೇ? ಟೊಂಕದ ಕಲೆಯ ಗುಟ್ಟು ಹಿಡಿದ ಡಾ. ಖಾನೋಲ್ಕರ್

ಸೀರೆ ಉಟ್ಟರೆ ಕ್ಯಾನ್ಸರ್ ಬರುತ್ತದೆ ಎನ್ನುವ ಫಾರ್ವರ್ಡ್ ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಮಾತು ಹರಿದಾಡುತ್ತದೆ. ಹುಣ್ಣಿನಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತದಂತೆ, ಈಗ ಹೊಸ ಪ್ರೋಟೀನ್ ಪರೀಕ್ಷೆ ಬಂದಿರುವುದರಿಂದ ಕತ್ತರಿ ಮುಟ್ಟಿಸುವ ಅಗತ್ಯವೇ ಇಲ್ಲವಂತೆ. ಮೊದಲನೆಯದರಲ್ಲಿ ಒಂದು ಎಳೆ ಸತ್ಯವಿದೆ. ಎರಡನೆಯದು ಸುಳ್ಳು, ಅದೂ ಜೀವ ತೆಗೆಯಬಲ್ಲ ಸುಳ್ಳು. ಎರಡನ್ನೂ ಬಿಡಿಸಿಕೊಳ್ಳಲು ನಾವು ಒಬ್ಬ ವೈದ್ಯರ ಬದುಕನ್ನು ನೋಡೋಣ.

ಅವರ ಹೆಸರು ವಸಂತ ರಾಮ್‌ಜಿ ಖಾನೋಲ್ಕರ್. ಹುಟ್ಟಿದ್ದು 1895ರ ಏಪ್ರಿಲ್ 13ರಂದು. ಲಂಡನ್ ವಿಶ್ವವಿದ್ಯಾಲಯದಲ್ಲಿ ಓದಿ 1923ರಲ್ಲಿ ಪೆಥಾಲಜಿಯಲ್ಲಿ ಎಂ.ಡಿ. ಪಡೆದರು. ಪೆಥಾಲಜಿ ಅಂದರೆ ರೋಗ ತಗುಲಿದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಇದು ಯಾವ ರೋಗ ಎಂದು ಹೇಳುವ ವಿದ್ಯೆ. ಈ ವೈದ್ಯರನ್ನು ರೋಗಿ ನೋಡುವುದೇ ಅಪರೂಪ. ಆದರೂ ರಿಪೋರ್ಟಿನ ಕೆಳಗೆ ಸಹಿ ಅವರದೇ. ದೊಡ್ಡ ಫೀ ತರುವ ಪ್ರಾಕ್ಟೀಸ್ ಬಿಟ್ಟು ಇಂಥ ತೆರೆಮರೆಯ ವಿದ್ಯೆಯನ್ನು ಅವರು ಆರಿಸಿಕೊಂಡದ್ದು ನಮಗಂತೂ ಸಣ್ಣ ಸಂಗತಿ ಅನ್ನಿಸುವುದಿಲ್ಲ. ಊರಿಗೆ ಮರಳಿದ ಮೇಲೆ ಮುಂಬೈನ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ, ಆಮೇಲೆ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿದರು.

ಭಾರತದಲ್ಲಿ ಕ್ಯಾನ್ಸರ್ ಅಪರೂಪ, ಅದು ಯುರೋಪಿನವರ ಕಾಯಿಲೆ ಎಂದು ಓದಿದವರೂ ನಂಬಿದ್ದ ಕಾಲ ಅದು. 1941ರ ಫೆಬ್ರವರಿಯಲ್ಲಿ ಟಾಟಾ ಮೆಮೋರಿಯಲ್ ಆಸ್ಪತ್ರೆ ಬಾಗಿಲು ತೆರೆಯಿತು. ಲ್ಯೂಕೀಮಿಯಾದಿಂದ 1931ರಲ್ಲಿ ತೀರಿಕೊಂಡ ಮೆಹರ್‌ಬಾಯಿ ಟಾಟಾ ಅವರ ನೆನಪಿನೊಂದಿಗೆ ಬೆಸೆದುಕೊಂಡ ಆಸ್ಪತ್ರೆ ಇದು. ಅಲ್ಲಿನ ಪ್ರಯೋಗಾಲಯಗಳ ಹೊಣೆ ಖಾನೋಲ್ಕರ್ ಅವರದಾಯಿತು.

ಬಂದ ಚೂರುಗಳನ್ನು ನೋಡಿ ರಿಪೋರ್ಟ್ ಬರೆದು ಅವರು ಸುಮ್ಮನಿರಬಹುದಿತ್ತು. ಆದರೆ ಪ್ರತಿ ರೋಗಿ ಯಾವ ಕಡೆಯವರು, ಏನು ತಿನ್ನುತ್ತಾರೆ, ಏನು ಉಡುತ್ತಾರೆ ಎಂದೂ ಕೇಳತೊಡಗಿದರು. 1944ರಲ್ಲಿ ಬಾಯಿ ಕ್ಯಾನ್ಸರ್‌ನ ಸಾಲುಸಾಲು 1,000 ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ಸಹೋದ್ಯೋಗಿ ಬಿ. ಸೂರ್ಯಾಬಾಯಿ ಅವರೊಂದಿಗೆ ಬರೆದ ಲೇಖನದಲ್ಲಿ, ಜನರ ರೂಢಿಗಳಿಗೆ ಅಂಟಿಕೊಂಡ ಮೂರು ಹೊಸ ಬಗೆಯ ಕ್ಯಾನ್ಸರ್‌ಗಳನ್ನು ಭಾರತದಿಂದ ವರದಿ ಮಾಡಿದರು. (ಸೂರ್ಯಾಬಾಯಿ ಅವರ ಹೆಸರು ಆಮೇಲಿನ ಬರಹಗಳಲ್ಲಿ ಅಡಿಟಿಪ್ಪಣಿಗೆ ಸರಿದುಹೋಯಿತು. ಹಾಗಾಗಿ ನಾವಿಲ್ಲಿ ಎದ್ದು ಕಾಣುವಂತೆ ಬರೆಯುತ್ತಿದ್ದೇವೆ.) ಆ ಮೂರರಲ್ಲಿ ಒಂದು ಧೋತರದ ಕ್ಯಾನ್ಸರ್.

ಧೋತರಕ್ಕೆ ಬೆಲ್ಟ್ ಇಲ್ಲ. ಜಾರದಿರಬೇಕಾದರೆ ಟೊಂಕಕ್ಕೆ ಬಿಗಿದು ಕಟ್ಟಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಗ್ಗಿ ಏಳುವ ಕೆಲಸ, ಬೆವರು, ಧೂಳು. ಗಂಟು ಮಾತ್ರ ದಿನವೂ ಅದೇ ಜಾಗದಲ್ಲಿ. ವರ್ಷಗಟ್ಟಲೆ ಹೀಗೆ ಉಜ್ಜಿದಾಗ ಅಲ್ಲಿಯ ಚರ್ಮ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ದಪ್ಪಗಾಗುತ್ತದೆ, ಒಮ್ಮೊಮ್ಮೆ ಬಿರುಕು ಬಿಡುತ್ತದೆ. ಬಹುತೇಕರಿಗೆ ಅಷ್ಟಕ್ಕೇ ನಿಲ್ಲುತ್ತದೆ. ತೀರಾ ಕೆಲವರಿಗೆ ಮಾತ್ರ ಬಿರುಕು ಮಾಯದ ಹುಣ್ಣಾಗಿ, ದಶಕಗಳ ನಂತರ ಚರ್ಮದ ಕ್ಯಾನ್ಸರ್ ಆಗುತ್ತದೆ. ಕಾಯಿಲೆಯ ಬೇರು ಇದ್ದದ್ದು ಜಾತಿಯಲ್ಲೂ ಅಲ್ಲ, ಹಣೆಬರಹದಲ್ಲೂ ಅಲ್ಲ, ದಿನಾ ಉಡುವ ರೀತಿಯಲ್ಲಿ. ಖಾನೋಲ್ಕರ್ ಕಂಡುಕೊಂಡದ್ದು ಇದನ್ನೇ.

ಖಾನೋಲ್ಕರ್ ಇದನ್ನು ಬರೆದ ಕಾಲಕ್ಕೆ ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರು ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಸವಣೂರಿನಲ್ಲಿ ಇನ್ನೂ ನವಾಬರ ಆಳ್ವಿಕೆ. ಇಂದು ನಾಲ್ಕೂ ಹಾವೇರಿ ಜಿಲ್ಲೆಯ ತಾಲ್ಲೂಕುಗಳು. ಅಲ್ಲಿಯ ಸಂತೆಯಲ್ಲಿ ಹತ್ತು ನಿಮಿಷ ನಿಂತರೆ ಧೋತರ, ರುಮಾಲಿನ ಹಿರಿಯರು ಈಗಲೂ ಕಾಣುತ್ತಾರೆ, ಕಚ್ಚೆ ಹಾಕಿ ಸೀರೆ ಉಟ್ಟ ಅಜ್ಜಿಯರೂ ಸಿಗುತ್ತಾರೆ. ಉಡದಾರ ಕೂರುವ ಜಾಗದಲ್ಲಿ ಬಿಳಿ ಪಟ್ಟೆ ಇದ್ದರೆ ಅದನ್ನು ಅವರು ಕಾಯಿಲೆ ಅಂದುಕೊಳ್ಳುವುದೇ ಇಲ್ಲ. ಹೆಚ್ಚಿನ ಸಲ ಅದು ಕಾಯಿಲೆಯೂ ಅಲ್ಲ.

ಹಾಗಾದರೆ ಸೀರೆಯ ಫಾರ್ವರ್ಡ್ ಎಲ್ಲಿಂದ ಬಂತು? 2024ರ ನವೆಂಬರಿನಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಬ್ಬರು ವಯಸ್ಸಾದ ಮಹಿಳೆಯರ ವಿವರವನ್ನು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಒಬ್ಬರು ಪರಕಾರದ ಲಾಡಿಯನ್ನು ಬಿಗಿಯಾಗಿ ಕಟ್ಟುತ್ತಿದ್ದರು. ಇನ್ನೊಬ್ಬರು ಪರಕಾರವಿಲ್ಲದೆ ಸೀರೆಯನ್ನೇ ನೇರವಾಗಿ ಟೊಂಕಕ್ಕೆ ಬಿಗಿಯುತ್ತಿದ್ದರು. ಇಬ್ಬರಿಗೂ ಅದೇ ಜಾಗದಲ್ಲಿ ಹುಣ್ಣಾಗಿ ಕ್ಯಾನ್ಸರ್ ಆಗಿತ್ತು. ಕೋಟಿಗಟ್ಟಲೆ ಜನ ಉಡುವ ಬಟ್ಟೆಯಲ್ಲಿ ಬೆರಳೆಣಿಕೆಯ ಪ್ರಕರಣಗಳು. ಫಾರ್ವರ್ಡ್ ಮಾಡುವವರು ಕೈಬಿಟ್ಟದ್ದು ಈ ಲೆಕ್ಕವನ್ನೇ. ತಪ್ಪು ಸೀರೆಯದಲ್ಲ, ಬಿಗಿಯದು. ಲಾಡಿ ಸಡಿಲಿಸಿ, ಅಗಲ ಪಟ್ಟಿಯ ಪರಕಾರ ಹೊಲಿಸಿ, ಕಟ್ಟುವ ಜಾಗವನ್ನು ಆಗಾಗ ಬದಲಿಸಿದರೆ ಸಾಕು.

ಇನ್ನು ಹೊಸ ಪ್ರೋಟೀನ್ ಪರೀಕ್ಷೆಯ ಮಾತು. ಇದಕ್ಕೂ ಬುಡವಿಲ್ಲದಿಲ್ಲ. ಹಿರೇಕೆರೂರಿನ ಕಡೆಯವರಿಗೆ ಕೆರೆಯ ತೂಬು ಗೊತ್ತು. ನಮ್ಮ ಒಂದೊಂದು ಜೀವಕೋಶದ ಗೋಡೆಯಲ್ಲೂ ಅಂಥ ಸಣ್ಣ ತೂಬುಗಳಿವೆ. ನೀರಿನ ಬದಲು ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂನಂಥ ವಿದ್ಯುತ್ ಅಂಶವಿರುವ ಕಣಗಳನ್ನು ಅವು ಒಳಹೊರಗೆ ಬಿಡುತ್ತವೆ. ಇವೇ ಅಯಾನ್ ಚಾನೆಲ್ ಪ್ರೋಟೀನುಗಳು. ಜೀವಕೋಶ ಕ್ಯಾನ್ಸರಿನತ್ತ ಹೊರಳಿದಾಗ ಕೆಲವು ತೂಬುಗಳು ಹೆಚ್ಚುತ್ತವೆ, ಕೆಲವು ಕಡಿಮೆಯಾಗುತ್ತವೆ. 1998ರಲ್ಲಿ ಅಮೆರಿಕದ ಸಂಶೋಧಕರು ಮೆಲಾಸ್ಟಾಟಿನ್ ಎಂಬ ಜೀನನ್ನು ಗುರುತಿಸಿದರು. ಮೆಲನೋಮಾ ಎಂಬ ಉಗ್ರ ಚರ್ಮದ ಕ್ಯಾನ್ಸರ್ ಹರಡುವ ಶಕ್ತಿ ಪಡೆದಂತೆಲ್ಲ ಈ ಜೀನಿನ ಸದ್ದು ಅಡಗುತ್ತಿತ್ತು. ಅದು ತಯಾರಿಸುವುದು ಒಂದು ಅಯಾನ್ ಚಾನೆಲನ್ನು ಎಂದು ಗೊತ್ತಾಗಿದೆ, ಈಗ ಅದರ ಹೆಸರು ಟಿಆರ್‌ಪಿಎಂ1. ತೂಬುಗಳ ಲೆಕ್ಕ ನೋಡಿ ಇದು ಬರೀ ಮಚ್ಚೆಯೋ ಕ್ಯಾನ್ಸರೋ, ಹರಡುವಂಥದ್ದೋ ಅಲ್ಲವೋ ಎಂದು ಹೇಳಲಾದೀತೇ ಎನ್ನುವುದು ಇಂದಿಗೂ ಸಂಶೋಧನೆಯ ಪ್ರಶ್ನೆ. ನೀವು ಲ್ಯಾಬಿಗೆ ಹೋಗಿ ಕೇಳಿ ಮಾಡಿಸಿಕೊಳ್ಳುವ ಪರೀಕ್ಷೆ ಇದಲ್ಲ. ಮೇಲಾಗಿ ಧೋತರದ ಕ್ಯಾನ್ಸರ್ ಮೆಲನೋಮಾ ಅಲ್ಲ, ಚರ್ಮದ ಮೇಲ್ಪದರದ ಚಪ್ಪಟೆ ಜೀವಕೋಶಗಳಿಂದ ಹುಟ್ಟುವ ಬೇರೆ ಬಗೆ. ಒಂದರ ಗುರುತು ಇನ್ನೊಂದಕ್ಕೆ ಹೊಂದಬೇಕೆಂದಿಲ್ಲ.

ಫಾರ್ವರ್ಡ್ ನುಂಗಿಹಾಕಿದ ಇನ್ನೊಂದು ಮಾತಿದೆ. ಇಂಥ ಪ್ರೋಟೀನುಗಳು ಚರ್ಮದ ಗಡ್ಡೆಯಲ್ಲಿ ಹೆಚ್ಚಿವೆಯೋ ಕಡಿಮೆಯಿವೆಯೋ ಎಂದು ನೋಡುವುದು ಸಾಮಾನ್ಯವಾಗಿ ಆ ಗಡ್ಡೆಯಿಂದಲೇ ತೆಗೆದ ಚೂರಿನಲ್ಲಿ. ಚೂರನ್ನು ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಖಾನೋಲ್ಕರ್ ಕಾಲದಲ್ಲೂ ಕ್ರಮ ಇದೇ, ಈಗ ಹಚ್ಚುವ ಬಣ್ಣಗಳು ಹೆಚ್ಚಿವೆ. ಚರ್ಮದ ಬಯಾಪ್ಸಿಯಿಂದ ಕ್ಯಾನ್ಸರ್ ಹರಡುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ಹುಣ್ಣನ್ನು ವರ್ಷಗಟ್ಟಲೆ ಮುಚ್ಚಿಟ್ಟು, ಕೊನೆಗೆ ಆಸ್ಪತ್ರೆಗೆ ಬಂದಾಗ ಅದು ಆಗಲೇ ತೊಡೆಸಂದಿಯ ಗ್ರಂಥಿಗಳಿಗೆ ದಾಟಿರುತ್ತದೆ. ಅದು ಗೊತ್ತಾಗುವುದು ಬಯಾಪ್ಸಿ ಆದಮೇಲೆ, ಅಪವಾದ ಬರುವುದೂ ಬಯಾಪ್ಸಿಗೇ.

ಖಾನೋಲ್ಕರ್ ಆಮೇಲೆ ಬಹಳ ಎತ್ತರಕ್ಕೆ ಹೋದರು. 1950ರಿಂದ 1954ರವರೆಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಒಕ್ಕೂಟದ ಅಧ್ಯಕ್ಷರಾಗಿದ್ದರು. ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಮೊದಲ ನಿರ್ದೇಶಕರಾದರು, ಕುಷ್ಠರೋಗದ ಮೇಲೂ ಕೆಲಸ ಮಾಡಿದರು, ಪದ್ಮಭೂಷಣ ಬಂತು. 1978ರ ಅಕ್ಟೋಬರ್ 29ರಂದು ತೀರಿಕೊಂಡರು.

ನಿಮ್ಮ ಮನೆಯ ಹಿರಿಯರ ಟೊಂಕದಲ್ಲಿ ತಿಂಗಳಾದರೂ ಮಾಯದ ಹುಣ್ಣು, ರಕ್ತ ಜಿನುಗುವ ಬಿರುಕು ಅಥವಾ ಗಟ್ಟಿಯಾಗಿ ಏರುತ್ತಿರುವ ಗಂಟು ಇದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ. ಅವರು ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹುಬ್ಬಳ್ಳಿಗೋ ಬರೆದುಕೊಟ್ಟರೆ ಹೋಗಿ. ಚೂರು ತೆಗೆಯುತ್ತೇವೆ ಅಂದರೆ ತೆಗೆಯಲು ಬಿಡಿ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆ, ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳಿಸುತ್ತಾರೆ.