ನೇಯ್ಗೆಯ ಕಾಯಕಯೋಗಿ ಜೇಡರ ದಾಸಿಮಯ್ಯನವರು

ಬಸವಾದಿ ಶರಣರಿಗಿಂತ ಸುಮಾರು ಒಂದು ಶತಮಾನ ಮೊದಲೇ ವಚನಗಳನ್ನು ನುಡಿದ ಮಹಾನುಭಾವರು ಜೇಡರ ದಾಸಿಮಯ್ಯನವರು. ಅವರ ಕಾಲ 11ನೆಯ ಶತಮಾನ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರು ಅವರ ಜನ್ಮಸ್ಥಳ. ಅಲ್ಲಿನ ರಾಮನಾಥನೇ ಅವರ ಆರಾಧ್ಯದೈವ, ವಚನಗಳ ಅಂಕಿತವೂ ಅವನದೇ. ಜೇಡನೆಂದರೆ ನೇಕಾರ. ಕುಲವೃತ್ತಿಯ ಹೆಸರನ್ನೇ ಅವರು ಭೂಷಣವಾಗಿ ಧರಿಸಿದರು.

ತಾರುಣ್ಯದಲ್ಲಿ ದಾಸಿಮಯ್ಯನವರು ಅಡವಿಯಲ್ಲಿ ಉಗ್ರ ತಪಸ್ಸನ್ನಾಚರಿಸಿದರೆಂದೂ, ದೇಹವನ್ನು ದಂಡಿಸುವುದಕ್ಕಿಂತ ದುಡಿದು ದಾಸೋಹ ಮಾಡುವುದೇ ಮೇಲೆಂಬ ಶಿವನ ಅಪ್ಪಣೆಯಂತೆ ಊರಿಗೆ ಮರಳಿ ಮಗ್ಗವನ್ನು ಹೂಡಿದರೆಂದೂ ಪರಂಪರೆ ಹೇಳುತ್ತದೆ. ಮರಳು ಬೆರೆತ ಅಕ್ಕಿ ಮತ್ತು ಕಬ್ಬನ್ನು ಕೊಟ್ಟು, ಬೇರೆ ನೀರು, ಸೌದೆಗಳಿಲ್ಲದೆ ಪಾಯಸ ಮಾಡಬಲ್ಲ ಕನ್ಯೆಯನ್ನು ಅವರು ಅರಸಿದರಂತೆ. ದುಗ್ಗಳೆ ಕಬ್ಬಿನ ರಸವನ್ನೇ ನೀರಾಗಿಸಿ, ಸಿಪ್ಪೆಯನ್ನೇ ಉರುವಲಾಗಿಸಿ ಪಾಯಸ ಮಾಡಿದಳು. ಯಾವುದನ್ನೂ ವ್ಯರ್ಥಗೊಳಿಸದ ಆ ಜಾಣ್ಮೆ ಅವರ ದಾಂಪತ್ಯಕ್ಕೆ ಬುನಾದಿಯಾಯಿತು. ಮುಂದೆ ದುಗ್ಗಳೆಯೂ ವಚನಗಳನ್ನು ರಚಿಸಿದಳು.

ಅಂದಿನ ನೇಯ್ಗೆ ಸಂಪೂರ್ಣವಾಗಿ ನಿಸರ್ಗವನ್ನೇ ನೆಚ್ಚಿತ್ತು. ಕರಿನೆಲದ ಹತ್ತಿಯನ್ನು ಬಿಡಿಸಿ, ಬೀಜ ತೆಗೆದು, ಎಕ್ಕಿ, ಕೈಯಿಂದ ನೂಲಬೇಕು. ಹಾಸನ್ನು ಹೂಡಿ, ಗಂಜಿ ಕೊಟ್ಟು ಒಣಗಿಸಬೇಕು. ಆಮೇಲೆ ಲಾಳಿ ಓಡಬೇಕು. ಬಣ್ಣಕ್ಕೆ ನೀಲಿಗಿಡದ ಎಲೆ, ಮಂಜಿಷ್ಠದ ಬೇರು, ಅರಿಸಿನ, ದಾಳಿಂಬೆಯ ಸಿಪ್ಪೆಗಳಿದ್ದವು. ಬಣ್ಣ ನೂಲಿಗೆ ಹಿಡಿಯಲು ಕಾಡಿನ ಅಳಲೆಕಾಯಿ ಮತ್ತು ಪಟಿಕ ನೆರವಾಗುತ್ತಿದ್ದವು. ರಾಸಾಯನಿಕ ಬಣ್ಣ ಹುಟ್ಟಿದ್ದು 1856ರಷ್ಟು ಈಚೆಗೆ. ಒಂದು ಬಟ್ಟೆಯೆಂದರೆ ಹಲವು ದಿನಗಳ ಬೆವರು.

ಹೀಗೆ ನೆಯ್ದ ಒಂದು ಶ್ರೇಷ್ಠ ವಸ್ತ್ರವನ್ನು ದಾಸಿಮಯ್ಯನವರು ಒಮ್ಮೆ ಸಂತೆಗೆ ಒಯ್ದರು. ಅದು ಮಾರಾಟವಾಗಲಿಲ್ಲ. ಮರಳುವ ದಾರಿಯಲ್ಲಿ ವೃದ್ಧ ಜಂಗಮನೊಬ್ಬನು ಬೇಡಲು ಹಿಂದುಮುಂದು ನೋಡದೆ ಅದನ್ನು ನೀಡಿದರು. ಅವನೋ ಅವರ ಕಣ್ಣೆದುರೇ ಅದನ್ನು ಹರಿದು ತುಂಡುತುಂಡು ಮಾಡಿದನು. ದಾಸಿಮಯ್ಯನವರು ಮುನಿಯಲಿಲ್ಲ. ಕೊಟ್ಟ ಮೇಲೆ ಅದು ತಮ್ಮದಲ್ಲವೆಂಬುದನ್ನು ಅವರು ಬಲ್ಲರು. ಜಂಗಮನನ್ನು ಮನೆಗೆ ಕರೆತಂದು ಸತ್ಕರಿಸಿದರು. ಬಂದವನು ಶಿವನೇ ಆಗಿದ್ದು, ಎಷ್ಟು ಬಳಸಿದರೂ ಬರಿದಾಗದ ತವನಿಧಿಯನ್ನು ದಂಪತಿಗಳಿಗೆ ಕರುಣಿಸಿದನೆಂಬುದು ಪ್ರಸಿದ್ಧ ಐತಿಹ್ಯ. ಬಸವಣ್ಣನವರೂ ದಾಸಿಮಯ್ಯನವರ ಈ ವಸ್ತ್ರದಾನವನ್ನು ಸ್ಮರಿಸಿದ್ದಾರೆ.

ಆದರೆ ಹರಿದ ಬಟ್ಟೆಯೆದುರು ಗೆದ್ದವರಿಗೆ ತುಂಬಿದ ಕಣಜದೆದುರು ಪರೀಕ್ಷೆ ಕಾದಿತ್ತು. ನಿತ್ಯ ದಾಸೋಹ ನಡೆಯುತ್ತಿದ್ದಂತೆ ತಾವು ತವನಿಧಿಯನ್ನು ಪಡೆದವರೆಂಬ ಹಮ್ಮು ಅವರಲ್ಲಿ ಸುಳಿಯಿತು. ಬಟ್ಟೆಗೆ ಬಣ್ಣ ಹಾಕುವ ಕಾಯಕದ ಶಂಕರ ದಾಸಿಮಯ್ಯನವರ ಬಡತನವನ್ನು ನೀಗಿಸಲು ಅವರು ಹೊರಟರು. ಆ ಬಣ್ಣಗಾರ ಶರಣರಿಗೆ ಯಾವ ಕೊರತೆಯೂ ಇರಲಿಲ್ಲ. ಬಡವರಂತೆ ಕಂಡವರ ಶಿವಸಂಪತ್ತನ್ನು ಕಂಡು ನೇಕಾರ ಶರಣರ ಗರ್ವ ಇಳಿಯಿತು. ಬತ್ತಿದ ತವನಿಧಿ, ತಪ್ಪೊಪ್ಪಿ ಶರಣಾದ ಬಳಿಕವೇ ಮರಳಿ ದೊರಕಿತೆನ್ನುತ್ತಾರೆ. ತಮ್ಮ ಚರಿತ್ರನಾಯಕರ ಈ ದೋಷವನ್ನು ಪರಂಪರೆಯು ಮುಚ್ಚಿಡಲಿಲ್ಲ. ಕೊಡುವ ಕೈಗೂ ಅಹಂಕಾರ ಅಂಟಬಲ್ಲದೆಂಬ ಎಚ್ಚರ ಅದರಲ್ಲಿದೆ.

ಚಾಲುಕ್ಯ ದೊರೆ ಜಯಸಿಂಹನ ರಾಣಿ ಸುಗ್ಗಲದೇವಿ ಇವರಿಂದಲೇ ಶಿವದೀಕ್ಷೆ ಪಡೆದಳೆಂದು ಪ್ರತೀತಿ. ರಾಣಿಗೆ ಗುರುವಾದರೂ ಅವರು ಮಗ್ಗವನ್ನು ತೊರೆಯಲಿಲ್ಲ. ಇಂದು ಉಪಲಬ್ಧವಿರುವ ಅವರ 150ಕ್ಕೂ ಹೆಚ್ಚು ವಚನಗಳು ಕಿರಿದಾಗಿಯೂ ಮೊನಚಾಗಿವೆ. ಉಂಕೆ, ಲಾಳಿ, ಕಂಡಿಕೆಗಳಂಥ ನೇಕಾರರ ಮಾತುಗಳೇ ಅಲ್ಲಿ ಅನುಭಾವದ ನುಡಿಗಳಾಗಿವೆ. ಗಂಡು ಹೆಣ್ಣಿನೊಳಗಿನ ಆತ್ಮಕ್ಕೆ ಲಿಂಗಭೇದವಿಲ್ಲವೆಂದು ಅವರು ಅಂದೇ ಸಾರಿದರು.

ಕೈಮಗ್ಗದ ಬಟ್ಟೆಯನ್ನು ಕೊಳ್ಳುವಾಗ ಅದರ ಎಳೆಗಳಲ್ಲಿ ಬೆರೆತಿರುವ ಶ್ರಮವನ್ನು ನಾವು ಗೌರವಿಸೋಣ. ನಮ್ಮ ನಮ್ಮ ಕಾಯಕವನ್ನು ನಿಷ್ಠೆಯಿಂದ ಮಾಡೋಣ. ನೀಡಿದ್ದನ್ನು ನೀಡಿದೆವೆಂಬ ಭಾವವಿಲ್ಲದೆ ನೀಡೋಣ. ದಾಸಿಮಯ್ಯನವರಿಗೆ ಸಲ್ಲುವ ನಿಜವಾದ ನಮನ ಇದೇ.