ಜಿಲ್ಲೆಯ ಸರಾಸರಿ, ತಾಲ್ಲೂಕಿನ ಸತ್ಯ

ಸೇವೆಗೆ ಸೇರಿದ ಹೊಸದರಲ್ಲಿ ಹಾಸನ ಜಿಲ್ಲೆಯ ಯೋಜನಾ ಅನುದಾನವನ್ನು ತಾಲ್ಲೂಕುಗಳಿಗೆ ಹಂಚುವ ಕಡತ ನನ್ನ ಮೇಜಿಗೆ ಬಂದಿತ್ತು. ಎಲ್ಲಕ್ಕೂ ಹೆಚ್ಚುಕಡಿಮೆ ಸಮಪಾಲು ಬರೆದು, ನ್ಯಾಯ ಮಾಡಿದೆನೆಂದು ಸಮಾಧಾನಪಟ್ಟಿದ್ದೆ. ಆ ಸಮಾಧಾನವನ್ನು ಮುಂದೆ ಕಲಕಿದವರು ಡಾ. ಡಿ.ಎಂ. ನಂಜುಂಡಪ್ಪನವರು.

1929ರಲ್ಲಿ ಹುಟ್ಟಿದ ನಂಜುಂಡಪ್ಪನವರು ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಸಾರ್ವಜನಿಕ ಹಣಕಾಸು ಅವರ ವಿಶೇಷ ವಿಷಯ. ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾಗಿ, ಕರ್ನಾಟಕ ಹಾಗೂ ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಗಳಾಗಿ, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾಗಿ ದುಡಿದರು. ತರಗತಿ ಮತ್ತು ಸಚಿವಾಲಯ ಎರಡನ್ನೂ ಒಳಗಿನಿಂದ ಬಲ್ಲವರು ವಿರಳ.

ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕಾಗಿ 2000ದಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ರಚಿಸಿದ ಉನ್ನತಾಧಿಕಾರ ಸಮಿತಿಗೆ ಅವರೇ ಅಧ್ಯಕ್ಷರು. 2002ರಲ್ಲಿ ಸಲ್ಲಿಸಿದ ವರದಿ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳತೆಯ ಘಟಕವಾಗಿಸಿತು. ಕೃಷಿ, ಕೈಗಾರಿಕೆ, ರಸ್ತೆ, ಶಾಲೆ, ಆರೋಗ್ಯ ಮೊದಲಾದ 35 ಸೂಚಕಗಳಿಂದ ಅಂದಿನ 175 ತಾಲ್ಲೂಕುಗಳನ್ನು ತೂಗಿತು. 114 ಹಿಂದುಳಿದಿದ್ದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 26 ಉತ್ತರ ಕರ್ನಾಟಕದವು. ಆದರೆ ಒಟ್ಟು ಪಟ್ಟಿಯಲ್ಲಿ ದಕ್ಷಿಣದ 55 ತಾಲ್ಲೂಕುಗಳೂ ಇದ್ದವು.

ವರದಿ ಓದಿದಾಗ ನನ್ನ ಹಳೆಯ ಕಡತ ಕಣ್ಮುಂದೆ ಬಂತು. ಸಕಲೇಶಪುರದಲ್ಲಿ ಕಾಫಿ ತೋಟ, ಧಾರಾಕಾರ ಮಳೆ. ಅರಕಲಗೂಡಿನಲ್ಲಿ ಮಳೆಯನ್ನೇ ನಂಬಿದ ಆಲೂಗಡ್ಡೆ, ಹೊಗೆಸೊಪ್ಪು. ಗೊರೂರಿನ ಅಣೆಕಟ್ಟೆ ದಾಟಿದ ಹೇಮಾವತಿ ಹೊಳೆನರಸೀಪುರದ ಮಗ್ಗುಲಲ್ಲೇ ಹರಿಯುತ್ತಾಳೆ. ಚನ್ನರಾಯಪಟ್ಟಣದಲ್ಲಾದರೋ ಕಾಲುವೆ ಮುಟ್ಟಿದ ಹಳ್ಳಿಯೇ ಬೇರೆ, ಕೆರೆ ತುಂಬಲೆಂದು ಮುಗಿಲು ನೋಡುವ ಹಳ್ಳಿಯೇ ಬೇರೆ. ಇವೆಲ್ಲವನ್ನೂ ಕೂಡಿಸಿ ಭಾಗಿಸಿದರೆ ಸಿಗುವ ಅಂಕಿ ಯಾವ ಊರಿನದೂ ಅಲ್ಲ. ನಾನು ಸಮಪಾಲು ಬರೆದದ್ದು ಆ ಅಂಕಿಯನ್ನು ನಂಬಿ.

ಎಂಟು ವರ್ಷಗಳಲ್ಲಿ ಸುಮಾರು 31,000 ಕೋಟಿ ರೂಪಾಯಿ ವಿನಿಯೋಗಿಸಬೇಕೆಂದು ಸಮಿತಿ ಶಿಫಾರಸು ಮಾಡಿತ್ತು. ವಿಶೇಷ ಅಭಿವೃದ್ಧಿ ಯೋಜನೆ ಆರಂಭವಾದದ್ದು 2007-08ರಲ್ಲಿ. ಅದನ್ನು ಕಾಣಲು ನಂಜುಂಡಪ್ಪನವರು ಇರಲಿಲ್ಲ, 2005ರಲ್ಲೇ ತೀರಿಕೊಂಡಿದ್ದರು. ಹಣ ಒದಗಿಸಿದ ಮಾತ್ರಕ್ಕೆ ಶಿಕ್ಷಕರಾಗಲಿ ವೈದ್ಯರಾಗಲಿ ಹಿಂದುಳಿದ ತಾಲ್ಲೂಕಿನಲ್ಲಿ ನೆಲೆ ನಿಲ್ಲುವುದಿಲ್ಲ ಎಂಬುದು ನನ್ನ ಸೇವಾನುಭವ. ಖಾಲಿ ಹುದ್ದೆಗಳ ಪಟ್ಟಿ ಉದ್ದವಿರುವಲ್ಲಿ ಕಟ್ಟಡಗಳಷ್ಟೇ ಎದ್ದದ್ದನ್ನು ನಾನೇ ಕಂಡಿದ್ದೇನೆ.

ಅಸಮತೋಲನವನ್ನು ಮತ್ತೆ ಅಳೆಯಲು ಸರ್ಕಾರ 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಅಳತೆಗೋಲು ಹೊಸದಾಗಲಿ. ಆದರೆ ಜಿಲ್ಲಾ ಕಚೇರಿಯಲ್ಲಿ ಹಂಚಿಕೆಯ ಕಡತ ತೆರೆಯುವ ಯುವ ಅಧಿಕಾರಿ, ಸಮಪಾಲು ಬರೆಯುವ ಮುನ್ನ, ಆ ಹಳೆಯ ವರದಿಯನ್ನೊಮ್ಮೆ ತಿರುವಿಹಾಕಲಿ.