ರಹೀಮ್ ಸಾಹೇಬರು ಮತ್ತು ನಮ್ಮ ಆಫ್‌ಸೈಡ್ ಜಗಳ



ಕಳೆದ ಅಂತರ ಕಾಲೇಜು ಪಂದ್ಯದಲ್ಲಿ ನಮ್ಮ ತಂಡ 1-0ರಿಂದ ಸೋತಿತು. ನಾವು ಹೊಡೆದ ಗೋಲನ್ನು ರೆಫರಿ ಆಫ್‌ಸೈಡ್ ಎಂದು ರದ್ದು ಮಾಡಿದರು. ರೆಫರಿಯ ಹತ್ತಿರ ಓಡಿಹೋಗಿ ಕೂಗಾಡಿ ಹಳದಿ ಕಾರ್ಡ್ ಪಡೆದವನು ನಾನೇ. ಅಂದಿನಿಂದ ಕ್ಯಾಂಟೀನಿನಲ್ಲಿ ಎರಡು ಪಾರ್ಟಿಗಳಾಗಿವೆ. ನಾವು ಮೈದಾನ ಬಿಟ್ಟು ಹೊರಬರಬೇಕಿತ್ತು ಎಂದು ಒಂದು ಪಾರ್ಟಿ, ನಮ್ಮ ತಂಡವೇ ವೀಕ್ ಎಂದು ಇನ್ನೊಂದು ಪಾರ್ಟಿ.

ಇಬ್ಬರೂ ಕೊಡುವ ಉದಾಹರಣೆ ಒಂದೇ. 2023ರ ಮಾರ್ಚ್ 3ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪಂದ್ಯವಿತ್ತು. ಹೆಚ್ಚುವರಿ ಸಮಯದಲ್ಲಿ ಸುನಿಲ್ ಚೆಟ್ರಿ ಫ್ರೀಕಿಕ್ ಅನ್ನು ಬೇಗ ಹೊಡೆದು ಗೋಲು ಮಾಡಿದರು. ನಾವಿನ್ನೂ ಸಿದ್ಧವಾಗಿರಲಿಲ್ಲ ಎಂದು ಕೇರಳದವರು ವಾದಿಸಿದರು. ರೆಫರಿ ಒಪ್ಪಲಿಲ್ಲ. ಕೋಚ್ ಕರೆದ ಕೂಡಲೇ ಇಡೀ ತಂಡ ಮೈದಾನ ಬಿಟ್ಟು ನಡೆಯಿತು. ಗೆಲುವು ಬೆಂಗಳೂರಿಗೆ ಹೋಯಿತು. ಕೇರಳ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಿತ್ತು. ಅವರು ಮಾಡಿದ್ದು ಸರಿಯೋ ತಪ್ಪೋ ಎಂಬ ಜಗಳ ನಮ್ಮಲ್ಲಿ ಇವತ್ತಿಗೂ ಮುಗಿದಿಲ್ಲ.

ನನ್ನ ಕಾರ್ಡ್ ನೋಡಿದ ಮೇಲೆ ನಮ್ಮ ಪಿ.ಟಿ. ಸರ್ ಸೈಯದ್ ಅಬ್ದುಲ್ ರಹೀಮ್ ಅವರ ಬಗ್ಗೆ ಓದಿ ಪತ್ರಿಕೆಗೆ ಬರೆದುಕೊಡಲು ಹೇಳಿದರು. ಅದು ಶಿಕ್ಷೆಯೋ ಸಲಹೆಯೋ ನನಗೆ ಇನ್ನೂ ಗೊತ್ತಾಗಿಲ್ಲ. ಓದಿದ್ದನ್ನು ಬರೆಯುತ್ತಿದ್ದೇನೆ.

ರಹೀಮ್ ಸಾಹೇಬರು 1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಶಾಲಾ ಶಿಕ್ಷಕರಾದರು. 1943ರಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಹುಡುಗರಿಗಾಗಿ ಅವರು ಬೇರೆಯೇ ರೀತಿಯ ಟೂರ್ನಿಗಳನ್ನು ನಡೆಸಿದರು. ಒಂದರಲ್ಲಿ ಡ್ರಿಬಲ್ ಮಾಡುವಂತಿಲ್ಲ, ಪಾಸ್ ಕೊಡಲೇಬೇಕು. ಇನ್ನೊಂದರಲ್ಲಿ ನಮಗೆ ಅಭ್ಯಾಸವಿಲ್ಲದ ಕಾಲಿನಿಂದಲೇ ಒದೆಯಬೇಕು. ಯಾರಲ್ಲಿ ಯಾವ ದೌರ್ಬಲ್ಯ ಇದೆಯೋ ಅದನ್ನೇ ಆಟವನ್ನಾಗಿ ಮಾಡಿಬಿಡುತ್ತಿದ್ದರು. ಅವರು ತಯಾರು ಮಾಡಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು.

ಭಾರತ ತಂಡದ ಕೋಚ್ ಆಗಿ ಅವರು 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ 10-1ರಿಂದ ಸೋಲಾಯಿತು. ಆ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್. ಆ ಚಳಿಯಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಇಂಥ ಸೋಲಿಗೆ ನೆಪ ಹುಡುಕುವುದು ಸುಲಭ. ಆದರೆ ಆಮೇಲೆ ಬೂಟು ಕಡ್ಡಾಯವಾಯಿತು, ತಂಡ ಹೊಸದಾಗಿ ಕಲಿಯಿತು.

ನಾಲ್ಕೇ ವರ್ಷದಲ್ಲಿ ಫಲ ಸಿಕ್ಕಿತು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ ಫುಟ್‌ಬಾಲ್ ಸೆಮಿಫೈನಲ್ ತಲುಪಿದ ಮೊದಲ ಏಷ್ಯಾ ದೇಶ ನಮ್ಮದು. ಕೊನೆಗೆ ನಾಲ್ಕನೇ ಸ್ಥಾನ ಬಂತು. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು.

ನನಗೆ ಹೆಚ್ಚು ನಾಟಿದ್ದು 1962ರ ಜಕಾರ್ತಾ ಏಷ್ಯನ್ ಗೇಮ್ಸ್. ಇಸ್ರೇಲ್ ಮತ್ತು ತೈವಾನ್ ಆಟಗಾರರನ್ನು ಇಂಡೋನೇಷ್ಯಾ ಬರಗೊಡಲಿಲ್ಲ. ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಎನ್ನಬಾರದು ಎಂದು ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪಿಸಿದರು. ಊರಿನ ಸಿಟ್ಟೆಲ್ಲ ಭಾರತೀಯರ ಮೇಲೆ ತಿರುಗಿತು. ನಮ್ಮ ರಾಯಭಾರ ಕಚೇರಿಯ ಮೇಲೆ ದಾಳಿ ನಡೆಯಿತು. ತುಂಬಿದ ಕ್ರೀಡಾಂಗಣದಲ್ಲಿ ಜನ ನಮ್ಮ ತಂಡಕ್ಕೆ ಛೀಮಾರಿ ಹಾಕಿದರು. ನಾವು ಒಬ್ಬ ರೆಫರಿಯ ಒಂದು ಸೀಟಿಗೆ ತಲೆ ಕೆಡಿಸಿಕೊಂಡೆವು. ಅಲ್ಲಿ ಊರಿಗೆ ಊರೇ ಎದುರಾಗಿತ್ತು. ತಂಡವೂ ಗಟ್ಟಿಯಾಗಿರಲಿಲ್ಲ. ಮೊದಲ ಪಂದ್ಯವನ್ನೇ ದಕ್ಷಿಣ ಕೊರಿಯಾಕ್ಕೆ 2-0ರಿಂದ ಸೋತಿದ್ದರು. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದಿತ್ತು.

ರಹೀಮ್ ಸಾಹೇಬರು ಜನರನ್ನು ಬದಲಾಯಿಸಲು ಆಗುತ್ತಿರಲಿಲ್ಲ. ತಂಡವನ್ನು ಬದಲಾಯಿಸಿದರು. ಜರ್ನೈಲ್ ಅವರನ್ನು ಫಾರ್ವರ್ಡ್ ಆಗಿ ಆಡಿಸಿದರು. ಫೈನಲ್‌ಗೆ ಮುಂಚೆ ಆಟಗಾರರಿಂದ ಚಿನ್ನವನ್ನು ಉಡುಗೊರೆಯಾಗಿ ಕೇಳಿಕೊಂಡರಂತೆ. ಸೆಪ್ಟೆಂಬರ್ 4ರಂದು ಅದೇ ಕೊರಿಯಾ ಎದುರು ಪಿ.ಕೆ. ಬ್ಯಾನರ್ಜಿ ಒಂದು ಗೋಲು, ಹೊಲಿಗೆ ಬಿದ್ದ ತಲೆಯ ಜರ್ನೈಲ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದರು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು. ಸಾಹೇಬರಿಗೆ ಆಗಲೇ ಕ್ಯಾನ್ಸರ್ ಇತ್ತು. 1963ರ ಜೂನ್ 11ರಂದು ತೀರಿಕೊಂಡರು. 54 ವರ್ಷವೂ ತುಂಬಿರಲಿಲ್ಲ. ಏಷ್ಯನ್ ಗೇಮ್ಸ್ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮತ್ತೆ ಚಿನ್ನ ಬಂದಿಲ್ಲ. 2024ರಲ್ಲಿ ಬಂದ ಮೈದಾನ್ ಸಿನಿಮಾ ಅವರದೇ ಕಥೆ.

ಸಿನಿಮಾಕ್ಕಿಂತ ನನಗೆ ಇಷ್ಟವಾದ ಸಂಗತಿ ಒಂದಿದೆ. ಅವರ ಮಗ ಸೈಯದ್ ಶಾಹಿದ್ ಹಕೀಂ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದರು. ಕೋಚ್ ಅಪ್ಪನೇ ಆದರೂ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಅದೇ ಹಕೀಂ ಮುಂದೆ ಫಿಫಾ ರೆಫರಿಯಾದರು! ಸೀಟಿ ಹಿಡಿದು ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಿಂತರು. ಎಷ್ಟು ಆಟಗಾರರು ಅವರ ಹತ್ತಿರವೂ ನನ್ನ ಹಾಗೆ ಓಡಿಬಂದಿರಬಹುದು ಎಂದು ಯೋಚಿಸಿ ನಾಚಿಕೆಯಾಯಿತು.

ಆ ಗೋಲು ಆಫ್‌ಸೈಡ್ ಅಲ್ಲ ಎಂದು ನಾನು ಈಗಲೂ ನಂಬುತ್ತೇನೆ. ರೆಫರಿ ತಪ್ಪು ಮಾಡಿದರೆ ಕ್ಯಾಪ್ಟನ್ ಗೌರವದಿಂದ ಕೇಳಬಹುದು, ಪಂದ್ಯ ಮುಗಿದ ಮೇಲೆ ದೂರು ಬರೆದು ಕೊಡಬಹುದು. ಅದು ನಮ್ಮ ಹಕ್ಕು. ಆದರೆ ಸೀಟಿ ಊದಿದಾಗ ಇನ್ನೂ ಹದಿನೈದು ನಿಮಿಷ ಆಟ ಬಾಕಿ ಇತ್ತು. ಆ ಹದಿನೈದು ನಿಮಿಷ ನಾವು ಆಡಲಿಲ್ಲ, ಬರೀ ಗೊಣಗಿದೆವು. ಒಂದು ಶಾಟ್ ಕೂಡ ಗೋಲಿನ ಕಡೆ ಹೋಗಲಿಲ್ಲ. ಅದರ ಲೆಕ್ಕ ರೆಫರಿಯ ಖಾತೆಗೆ ಬರೆಯಲು ಬರುವುದಿಲ್ಲ, ನಮ್ಮ ಖಾತೆಗೇ ಬರೆಯಬೇಕು.

ಪಿ.ಟಿ. ಸರ್ ಅನುಮತಿ ಕೊಟ್ಟಿದ್ದಾರೆ. ಗುರುವಾರ ಕೊನೆಯ ಅಕೌಂಟೆನ್ಸಿ ಕ್ಲಾಸ್ ಮುಗಿದ ಮೇಲೆ ಮೈದಾನದಲ್ಲಿ ಎಡಗಾಲಿನ ಪಂದ್ಯ ಇದೆ. ಎಡಗಾಲಿನವರು ಬಲಗಾಲಲ್ಲಿ ಆಡಬೇಕು. ಎರಡೂ ಪಾರ್ಟಿಯವರು ಬನ್ನಿ. ನಾನು ಆಡುವುದಿಲ್ಲ. ಆ ದಿನ ರೆಫರಿ ನಾನೇ.